ಬಡಾವಣೆಯ ಹಣ ಬಡಾವಣೆಗೆ ಬರಲಿ

ಹೊಳೆಹೊನ್ನೂರು ಈಗ ಪಟ್ಟಣ ಪಂಚಾಯಿತಿ. ಶಿವಮೊಗ್ಗ, ಭದ್ರಾವತಿಗಳ ಸುತ್ತಿನಂತೆ ಇಲ್ಲೂ ಭದ್ರಾ ನೀರುಂಡ ಗದ್ದೆಗಳು ಸೈಟುಗಳಾಗುತ್ತಿವೆ. ಗದ್ದೆ ಹೋಯಿತೆಂದು ಮರುಗುವುದು ಬೇರೆ ಮಾತು. ಗದ್ದೆ ಬಡಾವಣೆಯಾದಾಗ ಸಲ್ಲುವ ಜಾಗ ಮತ್ತು ಹಣ ಊರಿಗೆ ಏನು ಮಾಡಿತು ಎಂಬುದನ್ನು ನಾವು ವಿಚಾರಿಸುತ್ತಿಲ್ಲ.

ಜಾಗದ ವಿಷಯದಲ್ಲಿ ನಮ್ಮ ವ್ಯವಸ್ಥೆ ಗಟ್ಟಿಯಾಗಿದೆ. ಲೇಔಟ್ ಮಾಡುವವರು ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಸಿಎ ಸೈಟುಗಳಿಗೆ ನೆಲ ಬಿಟ್ಟುಕೊಡದೆ ನಕ್ಷೆಗೆ ಒಪ್ಪಿಗೆ ಸಿಗದು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಪಾರ್ಕಿನ ಮೇಲೆ ಅಕ್ಕಪಕ್ಕದ ಮನೆಯವರಿಗೂ ಹಕ್ಕಿದೆ ಎಂದು ಕರ್ನಾಟಕದ ಜನ ಗೆದ್ದುಕೊಟ್ಟ ತೀರ್ಪು ಅದು.

ಸಡಿಲವಿರುವುದು ಹಣದಲ್ಲಿ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 18ಎ ಕಲಮು ನೀರು ಪೂರೈಕೆ, ವರ್ತುಲ ರಸ್ತೆ, ಕೊಳೆಗೇರಿ ಸುಧಾರಣೆಗೆಂದು ಉಪಕರ, ಅಧಿಭಾರ ಹಾಕಲು ಯೋಜನಾ ಪ್ರಾಧಿಕಾರಕ್ಕೆ ಅಧಿಕಾರ ಕೊಡುತ್ತದೆ. ಚಲನ್ ಕಟ್ಟುವವರು ಡೆವಲಪರ್, ಹೊರುವವರು ಸೈಟು ಕೊಂಡವರು. ಚದರಡಿ ದರದಲ್ಲೇ ಅದು ಸೇರಿರುತ್ತದೆ. ಆದರೆ ಆ ಬಡಾವಣೆಯ ಚರಂಡಿಗೋ ಪಾರ್ಕಿನ ಬೇಲಿಗೋ ಇಷ್ಟು ಪಾಲು ಎಂದು ಈ ಕಲಮು ಹೇಳುವುದಿಲ್ಲ. ವಸೂಲಿ ಒಂದು ಕಡೆ, ಖರ್ಚು ಇನ್ನೊಂದು ಕಡೆ.

ಇಲ್ಲಿಯೇ ನನ್ನ ದೊಡ್ಡ ತಕರಾರು. ಶಿವಮೊಗ್ಗ–ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರದಂಥ ಸಂಸ್ಥೆಗಳು 1987ರ ಕಾಯ್ದೆಯ ಕೂಸುಗಳು. ಅಧ್ಯಕ್ಷರನ್ನು ಸರ್ಕಾರ ನೇಮಿಸುತ್ತದೆ, ಮತದಾರರು ಆರಿಸುವುದಿಲ್ಲ. ಬಡಾವಣೆ ಹಸ್ತಾಂತರವಾದ ಮೇಲೆ ಬೀದಿದೀಪ, ಕಸ, ಒಳಚರಂಡಿಯ ಹೊರೆಯೆಲ್ಲ ಚುನಾಯಿತ ಸ್ಥಳೀಯ ಸಂಸ್ಥೆಯ ತಲೆಗೆ. ನಗರ ಯೋಜನೆಯನ್ನು ಚುನಾಯಿತ ಪುರಸಭೆಗಳಿಗೆ ವಹಿಸಲು ದಾರಿ ಮಾಡಿದ ಸಂವಿಧಾನದ 74ನೇ ತಿದ್ದುಪಡಿ ಜಾರಿಯಾದದ್ದು 1993ರಲ್ಲಿ. ಮೂರು ದಶಕ ಕಳೆದರೂ ದುಡ್ಡಿನ ಚೀಲ ಮತ್ತು ದುಡಿಯುವ ಕೈ ಒಂದೆಡೆ ಸೇರಿಲ್ಲ.

ನಕ್ಷೆಗೆ ಒಪ್ಪಿಗೆಯಿಲ್ಲದೆ ಎದ್ದ ರೆವಿನ್ಯೂ ಸೈಟುಗಳ ಕಥೆ ಇನ್ನೂ ಕಷ್ಟದ್ದು. ಇಂಥ ಆಸ್ತಿಗಳಿಗೂ ಖಾತೆ ಕೊಟ್ಟ 2025ರ ಬಿ ಖಾತಾ ಆಂದೋಲನದಲ್ಲಿ ಅವುಗಳ ಮಾಲೀಕರು ಮೊದಲ ವರ್ಷ ದುಪ್ಪಟ್ಟು ತೆರಿಗೆ ಕಟ್ಟಿದರು. ಆ ಹಣ ನೇರ ಸ್ಥಳೀಯ ಸಂಸ್ಥೆಗೆ ಬಂತು, ಅಷ್ಟು ಒಳ್ಳೆಯದಾಯಿತು. ಆದರೆ ಪಾರ್ಕಿಗೆ ಜಾಗವನ್ನೇ ಬಿಡದ ಕಡೆ ತೆರಿಗೆಯಿಂದ ಪಾರ್ಕು ಮಾಡುವುದು ಹೇಗೆ?

ಇಂಗ್ಲೆಂಡಿನಲ್ಲಿ ಇಂಥ ಲೆವಿಯ ಶೇ 15ರಷ್ಟು ಕಟ್ಟಡ ಎದ್ದ ಊರಿನ ಪ್ಯಾರಿಷ್ ಕೌನ್ಸಿಲ್‌ಗೇ ಹೋಗುತ್ತದೆ. ಜನ ಮತ ಹಾಕಿ ಒಪ್ಪಿದ ಸ್ಥಳೀಯ ಯೋಜನೆಯಿದ್ದರೆ ಶೇ 25. ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು ಎಂದು 2020ರಿಂದ ವರ್ಷಕ್ಕೊಮ್ಮೆ ಪ್ರಕಟಿಸಲೇಬೇಕು. ಅಲ್ಲೂ ಖರ್ಚಾಗದೆ ಕೊಳೆತ ಹಣ ಬಹಳ ಇದೆ. ಲೆಕ್ಕ ಹೊರಗಿರುವುದರಿಂದ ಅದು ಜನರಿಗೆ ಗೊತ್ತಾಗುತ್ತದೆ, ಕೇಳುತ್ತಾರೆ.

ನಮಗೆ ಮೊದಲು ಬೇಕಾದದ್ದು ಇದೇ ಲೆಕ್ಕ, ಬಡಾವಣೆವಾರು. ಹೊಳೆಹೊನ್ನೂರಿನಲ್ಲಿ, ಭದ್ರಾವತಿಯಲ್ಲಿ ಸೈಟು ಕೊಂಡವರು ಬಜೆಟ್ ಪೂರ್ವಭಾವಿ ಸಭೆಗೆ ಹೋಗಿ, ನಮ್ಮ ಲೇಔಟಿನಿಂದ ಯಾವ ಶುಲ್ಕ ಎಷ್ಟು ಬಂತು, ಎಲ್ಲಿ ಹೋಯಿತು ಎಂದು ಕೇಳಿ. ಬಾಯಿಮಾತಿಗೆ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಿಸಲು ಕಚೇರಿಗೆ ಇರುವ ಗಡುವು 30 ದಿನ.