ಹೆಸರಿಲ್ಲದ ಕಾಯಿಲೆಗೆ ಪರಿಹಾರ

1991ರ ಕೊಲ್ಲಿ ಯುದ್ಧಕ್ಕೆ ಹೋದ ಅಮೆರಿಕದ ಸೈನಿಕರು ಸುಮಾರು ಏಳು ಲಕ್ಷ. ಊರಿಗೆ ಮರಳಿದ ಮೇಲೆ ಅವರಲ್ಲಿ ಬಹಳ ಮಂದಿಯನ್ನು ಕೀಲುನೋವು, ಸುಸ್ತು, ಮರೆವು, ಹೊಟ್ಟೆಯ ತೊಂದರೆ ಕಾಡತೊಡಗಿದವು. ಪರೀಕ್ಷೆಗಳಲ್ಲಿ ಮಾತ್ರ ಏನೂ ಸಿಗಲಿಲ್ಲ. ಇಂಥ ಕಾಯಿಲೆಗೂ ಪರಿಹಾರ ಕೊಡಲು 1994ರಲ್ಲಿ ಅಲ್ಲಿ ಕಾನೂನು ಬಂತು. ಲಕ್ಷಣಗಳು ಆರು ತಿಂಗಳು ಕಾಡಿರಬೇಕು, ಅಂಗವೈಕಲ್ಯ 2022ರವರೆಗೆ ಶೇ. 10ರಷ್ಟಾದರೂ ಇರಬೇಕಿತ್ತು, ಯುದ್ಧದಿಂದಲೇ ಬಂತೆಂದು ಸೈನಿಕ ಸಾಬೀತು ಮಾಡಬೇಕಿಲ್ಲ.

ಇದು ದಯೆಯಲ್ಲ, ನ್ಯಾಯ. ಇರಾಕಿನ ಖಮಿಸಿಯಾದಲ್ಲಿ 1991ರ ಮಾರ್ಚ್‌ನಲ್ಲಿ ಅಮೆರಿಕದ ಸೈನಿಕರೇ ಸ್ಫೋಟಿಸಿದ ಮದ್ದುಗುಂಡಿನ ದಾಸ್ತಾನಿನಲ್ಲಿ ಸರಿನ್ ವಿಷ ತುಂಬಿದ ರಾಕೆಟ್‌ಗಳಿದ್ದವು. ಪೆಂಟಗನ್ ಇದನ್ನು ಒಪ್ಪಿಕೊಂಡದ್ದು 1996ರಲ್ಲಿ. ಮರುವರ್ಷ, ಸುಮಾರು ಒಂದು ಲಕ್ಷ ಸೈನಿಕರಿಗೆ ಆ ವಿಷ ಅಲ್ಪ ಪ್ರಮಾಣದಲ್ಲಿ ತಗುಲಿರಬಹುದೆಂದಿತು. ತಾನು ಯಾವ ಗಾಳಿ ಉಸಿರಾಡಿದೆನೆಂದೇ ತಿಳಿಯದವನ ಬಳಿ ಪುರಾವೆ ಕೇಳುವುದು ಹೇಗೆ?

ಇಷ್ಟು ಒಳ್ಳೆಯ ಕಾನೂನು ಎಡವುವುದು ವೈದ್ಯಕೀಯ ತಪಾಸಣೆಯಲ್ಲಿ. ಅರ್ಜಿಯಲ್ಲಿ ತಲೆನೋವು, ಮಂಡಿನೋವು, ಸುಸ್ತು ಎಂದಿರುತ್ತದೆ. ವೈದ್ಯರು ತಲೆನೋವಿನ ಎದುರು ಮೈಗ್ರೇನ್ ಎಂದೂ ಮಂಡಿನೋವಿನ ಎದುರು ಸಂಧಿವಾತ ಎಂದೂ ಬರೆದರೆ ಅವೆರಡೂ ‘ಪತ್ತೆಯಾಗದ ಕಾಯಿಲೆ’ಯ ಲೆಕ್ಕದಿಂದ ಹೊರಬೀಳುತ್ತವೆ. ಒಂದೇ ದೇಹದ ಒಂದೇ ನರಳಾಟ ಹೀಗೆ ಚೂರುಚೂರಾಗುತ್ತದೆ. ಸಾಬೀತು ಮಾಡುವ ಹೊರೆ ಮತ್ತೆ ಸೈನಿಕನ ತಲೆಗೇ ಬರುತ್ತದೆ. 2001ರ ತಿದ್ದುಪಡಿ ಫೈಬ್ರೊಮಯಾಲ್ಜಿಯಾ, ಕ್ರಾನಿಕ್ ಫಟೀಗ್ ಸಿಂಡ್ರೋಮ್‌ನಂಥ ಹೆಸರುಳ್ಳ ಕೆಲವು ಕಾಯಿಲೆಗಳನ್ನೂ ಈ ಕಾನೂನಿಗೆ ಸೇರಿಸಿತು. ಆದರೂ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಯ 2017ರ ವರದಿ ಹೇಳಿದ್ದೇನು? ಕೊಲ್ಲಿ ಯುದ್ಧದ ಈ ಕಾಯಿಲೆಗಳ ಕೋರಿಕೆಗಳಲ್ಲಿ ಮಂಜೂರಾಗುತ್ತಿದ್ದುದು ಸುಮಾರು ಶೇ. 17, ಉಳಿದ ಕಾಯಿಲೆಗಳಲ್ಲಿ ಶೇ. 57. ಇವುಗಳಿಗೆ ಸಂಬಂಧಿಸಿದ ಐಚ್ಛಿಕ ತರಬೇತಿಯನ್ನು ಆಗ ಪಡೆದಿದ್ದ ತಪಾಸಕರು ಶೇ. 10ರಷ್ಟು ಮಾತ್ರ. ನನ್ನ ಮಟ್ಟಿಗೆ ಆ ವರದಿಯ ಅತಿ ಕಹಿ ಸಂಗತಿ ಇದೇ. ಸಂಸತ್ತು ಕೊಟ್ಟದ್ದನ್ನು ವೈದ್ಯರ ಒಂದು ಸಾಲು ಕಿತ್ತುಕೊಳ್ಳುವುದಾದರೆ, ಆ ಸಾಲು ಬರೆಯುವವರಿಗೆ ಕಾನೂನು ಗೊತ್ತಿರಲೇಬೇಕು.

ಲಕ್ಷಣ ಇಷ್ಟರೊಳಗೆ ಕಾಣಿಸಿಕೊಳ್ಳಬೇಕೆಂಬ ಗಡುವೂ ಇತ್ತು. ಮೊದಲು ಎರಡು ವರ್ಷ, ಆಮೇಲೆ ಮತ್ತೆ ಮತ್ತೆ ಮುಂದೂಡಿಕೆ. ಅದನ್ನು ಪೂರ್ತಿ ತೆಗೆದದ್ದು 2022ರ ಪ್ಯಾಕ್ಟ್ ಕಾಯ್ದೆ. ಯುದ್ಧದಲ್ಲಿ 25ರ ಪ್ರಾಯದವನಾಗಿದ್ದವನಿಗೆ ಅಷ್ಟರಲ್ಲಿ 56. ಅರ್ಜಿ ತಿರಸ್ಕೃತವಾದ ಇಂಥವರನ್ನು ಮಾಜಿ ಸೈನಿಕರ ಇಲಾಖೆಯೇ ಹುಡುಕಿ ಕರೆಯಬೇಕು. ಎಲ್ಲ ಲಕ್ಷಣಗಳನ್ನೂ ಒಬ್ಬರೇ ವೈದ್ಯರು ಒಟ್ಟಿಗೆ ನೋಡಬೇಕು.