ಪಲ್ಸಾರ್ ಶೋಧದಲ್ಲಿ ಆಕರವಿಮರ್ಶೆ

ಶಾಸನವೊಂದು ಕೈಗೆ ಬಂದೊಡನೆ ಅದು ಸಾಚಾ ಶಾಸನವೋ ಕೂಟಶಾಸನವೋ ಎಂಬುದನ್ನು ನಿರ್ಣಯಿಸದೆ ಇತಿಹಾಸಕಾರನು ಮುಂದಡಿ ಇಡಲಾರನು. ಖಗೋಳಶಾಸ್ತ್ರಜ್ಞರಿಗೂ ಇಂತಹುದೇ ತೊಡಕೊಂದು ಉಂಟು. ಪಲ್ಸಾರ್ ಎಂಬ ಭ್ರಮಣಶೀಲ ನ್ಯೂಟ್ರಾನ್ ನಕ್ಷತ್ರದಿಂದ ಬರುವ ರೇಡಿಯೋ ಸ್ಪಂದನಗಳು ಅತಿ ಕ್ಷೀಣವಾದವು. ರೇಡಾರ್, ಕೃತಕ ಉಪಗ್ರಹ, ವಿದ್ಯುತ್ ತಂತಿ ಮುಂತಾದ ಮಾನವನಿರ್ಮಿತ ಮೂಲಗಳಿಂದ ಬರುವ ಅಡಚಣೆಗಳಾದರೋ ಪ್ರಬಲವಾದವು. ಇವೆರಡನ್ನೂ ಬೇರ್ಪಡಿಸುವ ಕಾರ್ಯವನ್ನು ಇಂದು ಸ್ಕ್ರಿಪ್ಟ್ ಎಂಬ ಗಣಕಯಂತ್ರದ ಆದೇಶಮಾಲೆಗೆ ವಹಿಸಲಾಗಿದೆ. ಆ ವಿಧಾನದ ಗುಣದೋಷಗಳನ್ನು ಆಕರವಿಮರ್ಶೆಯ ದೃಷ್ಟಿಯಿಂದ ಇಲ್ಲಿ ಪರಿಶೀಲಿಸುತ್ತೇವೆ.

ಪಲ್ಸಾರ್‌ಗಳ ಚರಿತ್ರೆ ಆರಂಭವಾದದ್ದೇ ಇಂತಹ ವಿವೇಚನೆಯಿಂದ. 1967ರಲ್ಲಿ ಕೇಂಬ್ರಿಜ್ಜಿನ ಸಂಶೋಧನ ವಿದ್ಯಾರ್ಥಿನಿ ಜೋಸೆಲಿನ್ ಬೆಲ್ ಅವರು ಕಾಗದದ ಸುರುಳಿಯಲ್ಲಿ ಮೂಡಿದ ಒಂದು ಸಣ್ಣ ಗೀಚನ್ನು ಗುರುತಿಸಿದರು. ಅದು ನಕ್ಷತ್ರಗಳ ದಿನಮಾನವನ್ನನುಸರಿಸಿ ಮರಳಿ ಮರಳಿ ತೋರುತ್ತಿತ್ತು. ಸ್ಪಂದನದ ಅವಧಿ ಸುಮಾರು 1.337 ಸೆಕೆಂಡು. ಭೂಮಿಯ ಅಡಚಣೆಯೆಂದು ಅದನ್ನು ಕಡೆಗಣಿಸುವುದು ಸುಲಭವಾಗಿತ್ತು. ಹಾಗೆ ಮಾಡದಿದ್ದುದೇ ಅವರ ಹಿರಿಮೆ.

ಇಂದಿನ ದತ್ತಾಂಶದ ರಾಶಿಯನ್ನು ಕಣ್ಣಿನಿಂದ ನೋಡಿ ಮುಗಿಸುವುದು ಅಸಾಧ್ಯ. ಸ್ಕಾಟ್ ರ‍್ಯಾನ್ಸಮ್ ಅವರು ರಚಿಸಿದ ‘ಪ್ರೆಸ್ಟೋ’ ಎಂಬ ತಂತ್ರಾಂಶದಲ್ಲಿ ಇದಕ್ಕೆಂದೇ ‘ಆರ್‌ಎಫ್‌ಐಫೈಂಡ್’ ಎಂಬ ವಿಭಾಗವಿದೆ. ಅದು ವೀಕ್ಷಣೆಯನ್ನು ಕಾಲ ಮತ್ತು ಆವರ್ತನಗಳ ಚಿಕ್ಕ ಚಿಕ್ಕ ಕೋಷ್ಠಗಳಾಗಿ ವಿಭಜಿಸಿ, ಪ್ರತಿಯೊಂದರ ಸರಾಸರಿ, ವಿಚಲನೆ ಮತ್ತು ಆವರ್ತಕ ಶಕ್ತಿಯ ಗರಿಷ್ಠ ಪ್ರಮಾಣಗಳನ್ನು ಅಳೆಯುತ್ತದೆ. ನಿಗದಿತ ಮಿತಿಯನ್ನು ದಾಟಿದ ಕೋಷ್ಠಗಳಿಗೆ ಮುಸುಕು ಹಾಕುತ್ತದೆ. ಒಂದೇ ಅಳತೆಗೋಲು ಎಲ್ಲಕ್ಕೂ ಅನ್ವಯಿಸುವುದರಿಂದ ಇಲ್ಲಿ ಪಕ್ಷಪಾತಕ್ಕೆ ಅವಕಾಶವಿಲ್ಲ. ಬೇರೊಬ್ಬರು ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ ನೋಡಬಹುದು. ಇದು ದೊಡ್ಡ ಗುಣವೇ ಸರಿ.

ಆದರೆ ಈ ಅಳತೆಗೋಲು ಸಾಕ್ಷ್ಯದ ಬಲವನ್ನು ಅಳೆಯುತ್ತದೆಯೇ ಹೊರತು ಮೂಲವನ್ನಲ್ಲ. ಆವರ್ತಕತೆ ಅಡಚಣೆಯ ಲಕ್ಷಣವೂ ಹೌದು, ಪಲ್ಸಾರಿನ ಲಕ್ಷಣವೂ ಹೌದು. ಬಹುಪಾಲು ಪಲ್ಸಾರ್‌ಗಳು ಒಂದು ಕೋಷ್ಠದೊಳಗೆ ಮಿತಿಯನ್ನು ಮೀರಲಾರದಷ್ಟು ಕ್ಷೀಣವಾಗಿರುವುದರಿಂದ ಉಳಿದುಕೊಳ್ಳುತ್ತವೆ. ಅಸಾಧಾರಣವಾಗಿ ಪ್ರಬಲವಾದ ಸ್ಪಂದನವು ಮುಸುಕಿಗೆ ಬಲಿಯಾಗುವ ಸಂಭವವುಂಟು.

ಇದಕ್ಕೆ ವಿರುದ್ಧವಾದ ಅಪಾಯಕ್ಕೆ ಆಸ್ಟ್ರೇಲಿಯದ ಪಾರ್ಕ್ಸ್ ದೂರದರ್ಶಕವು ನಿದರ್ಶನ. ಅಲ್ಲಿ ಕಂಡುಬಂದ ‘ಪೆರಿಟಾನ್’ ಎಂಬ ಸಂಕೇತಗಳು, ಆಕಾಶಮೂಲದವುಗಳಂತೆಯೇ, ಮೇಲಿನ ಆವರ್ತನದಲ್ಲಿ ಮೊದಲೂ ಕೆಳಗಿನದರಲ್ಲಿ ತಡವಾಗಿಯೂ ತೋರುತ್ತಿದ್ದುವು. ಅವು ಹೆಚ್ಚಾಗಿ ಕಚೇರಿಯ ವೇಳೆಯಲ್ಲಿಯೇ ಕಾಣುತ್ತಿದ್ದುದು ಸಂಶಯಕ್ಕೆ ಎಡೆಗೊಟ್ಟಿತು. ಮೈಕ್ರೋವೇವ್ ಒಲೆಯ ಬಾಗಿಲನ್ನು ಅದು ನಡೆಯುತ್ತಿರುವಾಗಲೇ ತೆರೆದುದರ ಫಲವಿದು ಎಂದು 2015ರಲ್ಲಿ ಸಿದ್ಧವಾಯಿತು. ಇಲ್ಲಿ ನಿರ್ಣಾಯಕವಾದದ್ದು ಸಂಕೇತದ ಬಲವಲ್ಲ, ಅದರ ಸಂದರ್ಭ. ಅದೇ ದೂರದರ್ಶಕದ 2001ರ ದತ್ತಾಂಶದಲ್ಲಿ ಅಡಗಿದ್ದ ಲೋರಿಮರ್ ಸ್ಫೋಟವು 2007ರಲ್ಲಿ ಪ್ರಕಟವಾಯಿತು. ಪೆರಿಟಾನ್‌ಗಳಿಂದಾಗಿ ಅದರ ಮೇಲೂ ಸಂಶಯದ ನೆರಳು ಬಿದ್ದಿತ್ತು. ಮೂಲ ದತ್ತಾಂಶ ಉಳಿದಿದ್ದುದರಿಂದಲೇ ಪುನರ್ವಿಮರ್ಶೆ ಸಾಧ್ಯವಾಯಿತು.

ಗಂಗರ ತಾಮ್ರಶಾಸನಗಳಲ್ಲಿ ಅನೇಕವನ್ನು ಫ್ಲೀಟರು ಕೂಟವೆಂದು ತಳ್ಳಿಹಾಕಿದರು. ರೈಸರು ಅದನ್ನು ಒಪ್ಪಲಿಲ್ಲ. ಮುಂದಿನ ವಿದ್ವಾಂಸರು ಅವುಗಳಲ್ಲಿ ಕೆಲವನ್ನು ಸಾಚಾ ಎಂದು ಅಂಗೀಕರಿಸಿದರು. ತಿರಸ್ಕೃತ ಶಾಸನಗಳನ್ನು ಯಾರೂ ಕರಗಿಸಿಬಿಡಲಿಲ್ಲವಾದ್ದರಿಂದ ವಾದವು ಮುಂದುವರಿಯಿತು. ಸ್ಕ್ವೇರ್ ಕಿಲೋಮೀಟರ್ ಅರೇಯಂತಹ ಬೃಹತ್ ಯೋಜನೆಗಳಲ್ಲಾದರೋ ಕಚ್ಚಾ ದತ್ತಾಂಶವನ್ನೆಲ್ಲ ಕೂಡಿಡುವುದು ಸಾಧ್ಯವಿಲ್ಲ. ವಿವೇಚನೆಯು ವೀಕ್ಷಣೆಯ ಜೊತೆಜೊತೆಗೇ ನಡೆಯಬೇಕಾಗುತ್ತದೆ. ಅಲ್ಲಿ ಸ್ಕ್ರಿಪ್ಟಿನ ತೀರ್ಪಿಗೆ ಮೇಲ್ಮನವಿಯಿಲ್ಲ.

ಆದಕಾರಣ ನಮ್ಮ ಅಭಿಪ್ರಾಯವಿಷ್ಟು: ಯಾವ ಮಿತಿಯಿಂದ, ಯಾವ ಕೋಷ್ಠವನ್ನು, ಏಕೆ ತೆಗೆದುಹಾಕಲಾಯಿತು ಎಂಬ ದಾಖಲೆಯನ್ನಾದರೂ ಪ್ರತಿಯೊಂದು ಶೋಧದೊಡನೆ ಕಾಪಾಡಬೇಕು, ತಿರಸ್ಕೃತವಾದುದರಲ್ಲಿ ಒಂದಂಶವನ್ನಾದರೂ ಮಾದರಿಯಾಗಿ ಉಳಿಸಬೇಕು. ಸ್ಕ್ರಿಪ್ಟನ್ನು ಕೈಬಿಡುವುದು ಸಾಧುವೂ ಅಲ್ಲ, ಸಾಧ್ಯವೂ ಅಲ್ಲ. ಆದರೆ ಅದರ ತೀರ್ಪೂ ಒಂದು ಆಕರವೇ ಆದುದರಿಂದ, ಇತರ ಆಕರಗಳಂತೆ ಅದೂ ವಿಮರ್ಶೆಗೆ ಒಳಪಡತಕ್ಕದ್ದು.