ಏಳು ಮಿಲಿವ್ಯಾಟ್ ಕನ್ನಡಕ, ಏಳುನೂರು ಕಿಲೋಮೀಟರ್ ರಸ್ತೆ

ಕಣ್ಣಿನ ಚಲನೆ ಗುರುತಿಸುವ ಕನ್ನಡಕಗಳನ್ನು ಕಾಡುತ್ತಿರುವುದು ಬ್ಯಾಟರಿ. ರೆಪ್ಪೆಯ ಸಮೀಪದ ಕ್ಯಾಮೆರಾ, ಇನ್‌ಫ್ರಾರೆಡ್ ದೀಪ, ಚಿತ್ರಗಳನ್ನು ಜಾಲಾಡುವ ಚಿಪ್ ಮೂರೂ ಸೇರಿದರೆ ಕಿವಿ ಮೇಲಿನ ಪುಟ್ಟ ಬ್ಯಾಟರಿ ಬೇಗ ಬರಿದಾಗುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ದೀಪಕ್ ಗಣೇಶನ್ ಮತ್ತು ಸಂಗಡಿಗರು 2014ರಲ್ಲಿ 'ಐಶ್ಯಾಡೋ' ಎಂಬ ಉತ್ತರ ಕೊಟ್ಟರು. ಕಣ್ಣಿನ ಚಿತ್ರದಲ್ಲಿ ಹೇಳಿದ್ದೇ ಹೇಳುವ ಪಿಕ್ಸೆಲ್‌ಗಳೇ ಜಾಸ್ತಿ, ಆಯ್ದ ಕೆಲವನ್ನಷ್ಟೇ ಓದಿದರೆ ಸಾಕು ಎಂಬುದು ಅವರ ತರ್ಕ. ಅದು ಸುಮಾರು 70 ಮಿಲಿವ್ಯಾಟ್‌ನಲ್ಲಿ ಸೆಕೆಂಡಿಗೆ 30 ಸಲ ದೃಷ್ಟಿಯ ದಿಕ್ಕು ಹೇಳಿತು, ಮೂರು ಡಿಗ್ರಿ ಆಚೀಚೆ. ಮರುವರ್ಷದ 'ಸೈಡರ್' ಖರ್ಚನ್ನು ಸುಮಾರು 7 ಮಿಲಿವ್ಯಾಟ್‌ಗೆ ಇಳಿಸಿತು. ಆದರೆ ಆ ದರದಲ್ಲಿ ಅದು ನೋಡುವುದು ಸೆಕೆಂಡಿಗೆ ನಾಲ್ಕೇ ಸಲ. 250 ಸಲ ನೋಡಬೇಕೆಂದರೆ 32 ಮಿಲಿವ್ಯಾಟ್ ಬೇಕು.

ಈ ಏಳರ ಅಂಕಿಯನ್ನು ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ ಜಿಲ್ಲೆಗಳನ್ನು ಹಾದುಹೋಗುವ ಮುಂಬೈ–ನಾಗಪುರ ಸಮೃದ್ಧಿ ಮಹಾಮಾರ್ಗದ ಮೇಲಿಟ್ಟು ನೋಡೋಣ. 701 ಕಿಲೋಮೀಟರ್ ಉದ್ದದ, ಚಾಲಕನಿಗೆ ಮಂಪರು ತರಿಸುವಷ್ಟು ನೇರ ರಸ್ತೆ. ಸಹಜವಾಗಿ ರೆಪ್ಪೆ ಬಡಿಯಲು ಹಿಡಿಯುವುದು ಸೆಕೆಂಡಿನ ಹತ್ತರಲ್ಲಿ ಒಂದರಿಂದ ನಾಲ್ಕು ಪಾಲು. ನಿದ್ದೆಯ ಮೊದಲ ಸುಳಿವು ಸಿಗುವುದು ಆ ಬಡಿತ ನಿಧಾನವಾಗುವುದರಲ್ಲೇ. ಕಾಲು ಸೆಕೆಂಡಿಗೊಮ್ಮೆ ಇಣುಕುವ ಯಂತ್ರ ಬಡಿತವನ್ನೇ ತಪ್ಪಿಸಿಕೊಳ್ಳಬಹುದು, ಅದರ ಉದ್ದ ಅಳೆಯುವುದಂತೂ ದೂರದ ಮಾತು. ಅದಕ್ಕೆ ಸಿಕ್ಕಿಬೀಳುವವನು ಆಗಲೇ ನಿದ್ದೆಗೆ ಜಾರಿದವನು. ಅವನು ಕಣ್ಣು ಮುಚ್ಚಿದ ಮೂರು ಸೆಕೆಂಡಿನಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದ ಬಸ್ಸು 66 ಮೀಟರ್ ದಾಟಿರುತ್ತದೆ. ಅದೇ ಬಳಗ 2017ರಲ್ಲಿ ತೂಕಡಿಕೆಗೆಂದೇ ರೂಪಿಸಿದ 'ಐಲಿಡ್' ಸೆಕೆಂಡಿಗೆ 100 ಚಿತ್ರ ತೆಗೆಯಿತು.

ಹಾಗಾಗಿ ನನಗೆ ಮೆಚ್ಚುಗೆಯಾದದ್ದು ಏಳಲ್ಲ, ಮೂವತ್ತೆರಡು. 150 ಎಂಎಎಚ್ ಬ್ಯಾಟರಿಯಲ್ಲಿ, ಬೇರೆ ಖರ್ಚು ಬಿಟ್ಟರೆ, 32 ಮಿಲಿವ್ಯಾಟ್ 17 ಗಂಟೆ ಬರುತ್ತದೆ. ರಾತ್ರಿ ಪಾಳಿಗೆ ಧಾರಾಳವಾಯಿತು.

ಸೈಡರ್‌ನ ಪ್ರಾಮಾಣಿಕತೆ ಇರುವುದು ಬಿಸಿಲನ್ನು ಒಪ್ಪಿಕೊಂಡದ್ದರಲ್ಲಿ. ಸೂರ್ಯನ ಇನ್‌ಫ್ರಾರೆಡ್ ಕನ್ನಡಕದ ಪುಟ್ಟ ದೀಪವನ್ನು ನುಂಗಿಬಿಡುತ್ತದೆ. ಅದಕ್ಕೇ ಹೊರಗೆ ಬಂದೆನೆಂದು ತಿಳಿದ ಕೂಡಲೇ ಯಂತ್ರ ತನ್ನ ಲೆಕ್ಕಾಚಾರ ಬದಲಿಸುತ್ತದೆ. ಇಗತ್ಪುರಿ ಬಳಿ ಈ ರಸ್ತೆಗೆ ಸುಮಾರು ಎಂಟು ಕಿಲೋಮೀಟರ್ ಸುರಂಗವಿದೆ. ಸುರಂಗದಿಂದ ಏಪ್ರಿಲ್ ಬಿಸಿಲಿಗೆ ಹೊರಬಿದ್ದ ಆ ಕ್ಷಣವೇ ಈ ಯಂತ್ರಕ್ಕೆ ಪರೀಕ್ಷೆ. ದೀಪದಲ್ಲಿ ಜಿಪುಣತನವೂ ನಮಗೆ ಹೊಂದದು: ಮಾಮೂಲಿ ಬೆಳಕಿನಲ್ಲಿ ಕಂದು ಕಣ್ಣಿನ ಪಾಪೆ ಸುತ್ತಲಿನ ಬಣ್ಣದಲ್ಲಿ ಕರಗಿಹೋಗುತ್ತದೆ, ಇನ್‌ಫ್ರಾರೆಡ್‌ನಲ್ಲಿ ಮಾತ್ರ ಎದ್ದು ಕಾಣುತ್ತದೆ.

ಈ ರಸ್ತೆಯ ಅಪಘಾತಗಳಿಗೆ ಕಣ್ಣಿಗೆ ಸಂಬಂಧವಿಲ್ಲದ ಕಾರಣಗಳೂ ಉಂಟು. 2023ರ ಅಕ್ಟೋಬರ್ 15ರ ನಡುರಾತ್ರಿ ವೈಜಾಪುರದ ಬಳಿ ನಾಸಿಕ್‌ಗೆ ಮರಳುತ್ತಿದ್ದ ಯಾತ್ರಿಕರ ಮಿನಿಬಸ್ಸು ಲಾರಿಗೆ ಗುದ್ದಿ 12 ಜನ ಸತ್ತರು. ಲಾರಿಯನ್ನು ಹೆದ್ದಾರಿಯಲ್ಲೇ ತಡೆದರೆಂಬ ಆರೋಪದ ಮೇಲೆ ಇಬ್ಬರು ಆರ್‌ಟಿಒ ಅಧಿಕಾರಿಗಳ ಬಂಧನವಾಯಿತು.

ಇನ್ನು ಬಸ್ಸಿಗೆ ಈ ಕನ್ನಡಕ ಬೇಕೇ ಎಂಬುದೇ ನನ್ನ ದೊಡ್ಡ ತಕರಾರು. ಬಸ್ಸಿಗೆ ತನ್ನದೇ ಬ್ಯಾಟರಿಯಿದೆ. ಡ್ಯಾಶ್‌ಬೋರ್ಡಿಗೆ ಕ್ಯಾಮೆರಾ ಹಾಕಿದರೆ ಮಿಲಿವ್ಯಾಟ್ ಎಣಿಸುವ ಪಾಡಿಲ್ಲ, ಮೂಗಿನಿಂದ ಜಾರುವ ಭಯವಿಲ್ಲ. ಈ ಜಾಣ್ಮೆ ನಿಜಕ್ಕೂ ಬೇಕಾದದ್ದು ಬೆಳಗಾಗುವ ಮುಂಚೆ ಈರುಳ್ಳಿ ಹೇರಿಕೊಂಡು ಲಾಸಲಗಾಂವ್ ಮಾರುಕಟ್ಟೆಗೆ ಹೊರಡುವ ಟ್ರ್ಯಾಕ್ಟರಿನವನಿಗೆ. ಅಲ್ಲಿ ಕ್ಯಾಮೆರಾ ಕೂರಿಸಲು ಮುಚ್ಚಿದ ಕ್ಯಾಬಿನ್ನೇ ಇಲ್ಲ. ಅವನ ಬೆವರು, ಧೂಳು, ಕುಲುಕಾಟಕ್ಕೆ ತಾಳುವಂತೆ ಇದನ್ನು ಮಾಡಿದರೆ ನಾನು ತಲೆಬಾಗುತ್ತೇನೆ.

ಟ್ರ್ಯಾಕ್ಟರ್ ಅವನದೇ ಆದರೆ ಎಚ್ಚರಿಕೆಯೂ ಅವನಿಗೇ. ವಾಳೂಜ್‌ನ ಕಾರ್ಖಾನೆಗೆ ಪಾಳಿಯವರನ್ನು ಒಯ್ಯುವ ಬಾಡಿಗೆ ಚಾಲಕನ ಕಥೆ ಬೇರೆ. ಅವನ ರೆಪ್ಪೆಯ ಲೆಕ್ಕ ಮಾಲೀಕನ ಮೊಬೈಲಿಗೂ ಹೋಗಬಹುದು. ಐಶ್ಯಾಡೋ ಪ್ರಬಂಧವಂತೂ ತನ್ನ ಉಪಯೋಗಗಳನ್ನು ಹೇಳುವಾಗ ಅಪಾಯದ ವರ್ತನೆಯ ಪತ್ತೆಯ ಮಗ್ಗುಲಲ್ಲೇ ಜಾಹೀರಾತನ್ನೂ ನಿಸ್ಸಂಕೋಚವಾಗಿ ಕೂರಿಸಿದೆ.